ಕಲ್ಯಾಣದ ಮಖಮಲ್ ಪರದೆ

ಡೊಂಬಿವಲಿಯ ವಾರಿಜಾ ಹೊಲಿಗೆಯಲ್ಲಿ ತಪ್ಪಿದ್ದನ್ನು ಗಂಡ ಪುಂಡರೀಕಾಕ್ಷ ಮೂವತ್ತು ವರ್ಷದಲ್ಲಿ ಒಮ್ಮೆಯೂ ಕಂಡವನಲ್ಲ. ಕಂಡಿದ್ದರೂ ಹೇಳುವ ಧೈರ್ಯ ಅವನಿಗೆಲ್ಲಿ! ಅವನದು ಕಿಟಕಿಗೆ ಬ್ಲೈಂಡ್ ಕೂರಿಸುವ ಕೆಲಸ, ಅವಳದು ಪರದೆ. ಬಟ್ಟೆಗೆ ಅವನು ಕೈ ಹಾಕುವಂತೆಯೇ ಇಲ್ಲ.

ಈ ಸಲ ಪಕ್ಕದೂರು ಕಲ್ಯಾಣದ ಹಳೇ ವಾಚನಾಲಯದ ಸಭಾಂಗಣ. ಕಿಟಕಿಗಳಿಗೆ ಹೊಸ ಬ್ಲೈಂಡು. ವೇದಿಕೆಗೆ ಅಜ್ಜಂದಿರ ಕಾಲದ ಕೆಂಪು ಮಖಮಲ್ ಪರದೆ. ಅದರ ಕೆಳಭಾಗವನ್ನು ಇಲಿ ತಿಂದಿತ್ತು. ಕಮಿಟಿಯವರು ಬಿಸಾಡಿ ಪಾಲಿಯೆಸ್ಟರ್ ಹಾಕಿಸಲು ಹೊರಟಾಗ ವಾರಿಜಾ ಸಿಡಿದಿದ್ದಳು. "ಇಂಥ ಮಖಮಲ್ ಈಗ ಎಲ್ಲಿ ಸಿಗ್ತದೆ ಮಾರಾಯ್ರೆ? ಶನಿವಾರದೊಳಗೆ ಸರಿ ಮಾಡಿ ಕೊಡ್ತೇನೆ. ಆಗದಿದ್ರೆ ಬಿಸಾಡಿ!" ವೇದಿಕೆಯ ಹಿಂದೆ ಯಾರಿಗೂ ಕಾಣದೆ ತೂಗುತ್ತಿದ್ದ ಅದೇ ಮಖಮಲ್ಲಿನ ಬದಿಪರದೆಯಿಂದ ಆಳೆತ್ತರದ ತುಂಡು ಕತ್ತರಿಸಿ ತೇಪೆ ಹಾಕಿದಳು.

ಶನಿವಾರ ಮಧ್ಯಾಹ್ನ ಪರದೆ ತೂಗುಹಾಕಿ ದೀಪ ಹತ್ತಿಸಿದರು. ಅಯ್ಯೋ ದೇವರೇ! ತೇಪೆ ಮಾತ್ರ ತಿಳಿಗುಲಾಬಿಯಾಗಿ ಹಲ್ಲು ಕಿರಿಯುತ್ತಿತ್ತು.

"ಇದೇನ್ರೀ ವಾರಿಜಕ್ಕಾ, ಹಿಂಗಾತು?" ಸಭಾಂಗಣದ ಮೇಲ್ವಿಚಾರಕ ಸಿದ್ರಾಮ ತಲೆ ಮೇಲೆ ಕೈ ಹೊತ್ತ. "ಸಂಜಿ ಐದಕ್ಕ ಕಾರ್ಯಕ್ರಮಕ್ಕ ಮಂದಿ ಬರ್ತಾರ. ಪಾಲಿಯೆಸ್ಟರ್‌ನವಗ ಫೋನ್ ಹಚ್ಚಲೇನು?"

ವಾರಿಜಾ ಪರದೆಯನ್ನು ಸವರಿ ನೋಡಿದಳು. ಹಳೆಯದರ ನವಿರು, ಅಂದರೆ ಮಖಮಲ್ಲಿನ ಮೈಮೇಲಿನ ಸಣ್ಣ ಕೂದಲು, ಮೇಲ್ಮುಖ; ತೇಪೆಯದು ಕೆಳಮುಖ! ವೇದಿಕೆಯಲ್ಲಿ ಬಣ್ಣ ಗಾಢವಾಗಿ ಕಾಣಬೇಕಾದರೆ ನವಿರು ಮೇಲಕ್ಕಿರಬೇಕು. ಮನೆ ಪರದೆಗಳಲ್ಲಿ ಧೂಳು ಜಾರಲೆಂದು ಕೆಳಕ್ಕಿಟ್ಟು ಹೊಲಿದೂ ಹೊಲಿದೂ, ಕೈ ತನ್ನ ಪಾಡಿಗೆ ಹಾಗೇ ಹೊಲಿದುಬಿಟ್ಟಿತ್ತು.

"ತಪ್ಪು ನನ್ನದೇ," ಅಂದಳು ಗಂಡನಿಗೆ. "ತುಂಡು ಬಿಚ್ಚಿ, ತಲೆಕೆಳಗೆ ಮಾಡಿ ಹೊಲಿದ್ರೆ ಸರಿಯಾಗ್ತದೆ. ಐದರೊಳಗೆ ಒಬ್ಬಳಿಂದ ಆಗ್ಲಿಕ್ಕಿಲ್ಲ. ನೀವು ಒಂದು ಬದಿ ಹೊಲೀರಿ."

"ನಾನು ಬಟ್ಟೆ ಮುಟ್ಟಬಹುದಾ?"

"ಜಾಸ್ತಿ ಮಾತಾಡ್ಬೇಡಿ. ಸೂಜಿ ತಕ್ಕೊಳ್ಳಿ."

ವೇದಿಕೆಯ ಮೇಲೆ ಚಕ್ಕಳಮಕ್ಕಳ ಹಾಕಿ ಇಬ್ಬರೂ ಹೊಲಿದೇ ಹೊಲಿದರು. ಐದಕ್ಕೆ ಹತ್ತು ನಿಮಿಷವಿರುವಾಗ ಪರದೆ ಮತ್ತೆ ಮೇಲೇರಿತು. ಮೇಲಿಂದ ಕೆಳಗಿನವರೆಗೆ ಒಂದೇ ಕೆಂಪು!

ಸಿದ್ರಾಮ ಹತ್ತಿರ ಬಂದು, ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿದ. "ಹೊಸಾ ತುಂಡು ಇದಲ್ಲೇನ್ರೀ?" ಎಂದು ಬೆರಳಿಟ್ಟದ್ದು ಹಳೆಯ ಭಾಗದ ಮೇಲೆ. ಪುಂಡರೀಕಾಕ್ಷ ಬಾಯಿ ತೆರೆಯುವಷ್ಟರಲ್ಲಿ ವಾರಿಜಾ ಅವನ ಕಾಲು ತುಳಿದಳು.

"ಅದೇ ಸಿದ್ರಾಮಣ್ಣ," ಅಂದಳು.

ಹಿಂತಿರುಗುವ ಲೋಕಲ್ ರೈಲಿನಲ್ಲಿ ಅವಳು ಸೂಜಿಡಬ್ಬಿ ತೆರೆದು ಸೂಜಿಗಳನ್ನು ಎಣಿಸಿದಳು. ಡೊಂಬಿವಲಿ ಬರುವಾಗ ಹೇಳಿದಳು: "ನಿಮ್ಮ ಬದಿಯ ಹೊಲಿಗೆ ಸ್ವಲ್ಪ ಸೊಟ್ಟ ಉಂಟು. ಆದ್ರೂ ಸೋಮವಾರ ಠಾಣೆಯ ಕೆಲಸಕ್ಕೆ ಸೂಜಿ ಎರಡು ತರ್ತೇನೆ."