ಸಾತಪ್ಪ ನಡೆದ ಗೆರೆ

"ಅಲ್ಲಾ, ಈ ಜ್ಯಾಡಕ್ಕ ಮನಿ ಕಟ್ಟಾಕ ಬ್ಯಾರೆ ಎಲ್ಲೂ ಜಾಗಾನ ಸಿಗಲಿಲ್ಲೇನು?"

ಏಣಿಯ ತುದಿಯಲ್ಲಿ ನಿಂತು ಸಾತಪ್ಪ ಕೇಳಿದ. ಯಾರನ್ನೂ ಕೇಳಿದ್ದಲ್ಲ. ಅಷ್ಟು ಮುಂಜಾನೆ ಪಾರಿಶ್ವಾಡದ ಆ ತೋಟದಲ್ಲಿ ಅವನ ಹೊರತು ಇನ್ನೊಂದು ನರಪಿಳ್ಳೆ ಇರಲಿಲ್ಲ. ಕೋಲಿನ ತುದಿಗೆ ಹಳೇ ಧೋತರದ ಚೂರು ಸುತ್ತಿಕೊಂಡು, ಕ್ಯಾಮೆರಾದ ಮೂತಿಗೆ ಹೆಣೆದಿದ್ದ ಬಲೆಯನ್ನು ಒರೆಸುತ್ತಿದ್ದ.

ಗೋಡೆ ಉತ್ತರ ಕೊಟ್ಟಿತು.

"ಯಾರ ಕೂಡ ಮಾತಾಡಾಕತ್ತೀಯಲೇ ಬೋಳಿಮಗನ? ಕೈ ಆಡಸು, ಬಾಯಿ ಅಲ್ಲ."

ಸಾತಪ್ಪ ಬೀಳದಂತೆ ಏಣಿ ಹಿಡಿದುಕೊಂಡ. ಕ್ಯಾಮೆರಾದ ಹೊಟ್ಟೆಯಲ್ಲಿ ಸ್ಪೀಕರ್ ಇತ್ತು. ಅದರೊಳಗಿಂದ ಬಂದದ್ದು ಬೆಳಗಾವಿಯ ಹಿಂದವಾಡಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ ಸಾವಕಾರ ಗುರುಪುತ್ರಪ್ಪನ ದನಿ. ಸಿಮೆಂಟು, ಕಬ್ಬಿಣದ ವ್ಯಾಪಾರ ಮಾಡಿ ದೊಡ್ಡವನಾದ ಮನುಷ್ಯ. ತೋಟಕ್ಕೆ ಬರುವುದು ತಿಂಗಳಿಗೊಮ್ಮೆ. ತೋಟವನ್ನು ನೋಡುವುದು ಮಾತ್ರ ದಿನವಿಡೀ, ಫೋನಿನಲ್ಲಿ.

"ಆತ್ರೀ ಸಾವ್ಕಾರ್ರ, ತಗದ್ನಿರಿ."

"ಏನ್ ತಗದಿ? ನಿನ್ನಿ ಗಾಳೀಗೆ ಆ ಬಲಿ ಅಲಗಾಡಿದ್ದಕ್ಕ ನನ್ನ ಫೋನ್ ಇಪ್ಪತ್ ಸಲ ಒದರೇತಿ. ಮನಷ್ಯಾ ಬಂದಾನ, ಮನಷ್ಯಾ ಬಂದಾನ ಅಂತ. ನೋಡಿದ್ರ ಜ್ಯಾಡ!"

ಹಿಂದೆ ಹೆಂಗಸರು ನಕ್ಕದ್ದೂ ಗೋಡೆಯೊಳಗಿಂದ ಕೇಳಿಸಿತು. ಆ ನಗು ಸಾತಪ್ಪನಿಗೆ ಪರಿಚಯದ್ದೇ. ಮೊನ್ನೆ ಬೇಲಿಯ ಮಗ್ಗುಲಿಗೆ ಒಂದಕ್ಕೆ ಕೂತಾಗ, "ಏ ಹಲಕಟ್, ತಿರಗಲೇ ಆ ಕಡಿ, ಮನ್ಯಾನವ್ರು ನಾಷ್ಟಾ ಮಾಡಾಕತ್ತಾರ" ಎಂದು ಗೋಡೆ ಗದರಿತ್ತು. ಆಗಲೂ ಅದೇ ನಗು. ಅರವತ್ತರ ಮುದುಕ ಧೋತರ ಹಿಡಿದುಕೊಂಡು ಎದ್ದು ನಿಂತಿದ್ದ.

ಹತ್ತೊಂಬತ್ತು ವರ್ಷದಿಂದ ತೋಟ ಕಾಯುತ್ತಿದ್ದವನು ಈಗ ತೋಟ ಕಾಯುವ ಕಣ್ಣುಗಳನ್ನು ಕಾಯುತ್ತಿದ್ದ. ಅವಕ್ಕೆ ಧೂಳು ಹತ್ತಬಾರದು, ಬಿಸಿಲು ಬಡಿಯಬಾರದು, ಹಕ್ಕಿ ಹೇಲಬಾರದು. ಸಾತಪ್ಪನ ತಗಡಿನ ಗುಡಿಸಲು ಸೋರಿದರೆ ಸೋರಲಿ, ಕ್ಯಾಮೆರಾಗಳಿಗೆ ಒಂದೊಂದಕ್ಕೂ ಸಣ್ಣ ಛಾವಣಿ ಇತ್ತು.

"ಇವತ್ತ ಆಕಾಶ ಬರ್ತಾನ," ಅಂದಿತು ಗೋಡೆ. "ಕಂಪೌಂಡಿನ ಸುತ್ತ ಹೊಸಾವು ಕೂಡಸ್ತಾನ, ಸೈರನ್ ಹೊಡಿಯೂ ಭೋಂಗಾದ್ದು. ಅಂವ ಹೇಳಿದಂಗ ಕೇಳು. ನಿನ್ನ ಕುರುಬ ಬುದ್ಧಿ ತೋರಸಬ್ಯಾಡ."

ಕಂಪೌಂಡೂ ಹೊಸದೇ. ಹೋದ ಬೇಸಿಗೆಯಲ್ಲಿ ಗುರುಪುತ್ರಪ್ಪ ಪಡುವಣ ದಿಕ್ಕಿಗೆ ಗೋಡೆ ಎಬ್ಬಿಸುವಾಗ, ತನ್ನ ಹೊಲದ ಅಂಚು ಬಿಟ್ಟು ಹನ್ನೆರಡು ಮಾರು ಆಚೆಗೆ ಹೋಗಿದ್ದ. ಆಚೆಗೆ ಇದ್ದದ್ದು ಗಾಯರಾಣ, ದನ ಕುರಿ ಮೇಯಲೆಂದು ಊರು ಬಿಟ್ಟುಕೊಂಡ ಜಾಗ. ಗಡಿಯ ಕಲ್ಲನ್ನು ಜೆಸಿಬಿ ಕಿತ್ತು ಆ ಗೋಡೆಯ ಬುನಾದಿಗೇ ಹಾಕಿತು. ಕಬಳಿಸಿದ ಪಟ್ಟಿಯಲ್ಲಿ ಈಗ ಮೆತ್ತನೆ ಹುಲ್ಲುಹಾಸು, ಒಂದು ಜೋಕಾಲಿ. ಹಳ್ಳಕ್ಕೆ ನೀರು ಕುಡಿಯಲು ಕುರಿಗಳು ಹೋಗುತ್ತಿದ್ದ ದಾರಿ ಅದರೊಳಗೇ ಮುಚ್ಚಿಹೋಯಿತು. ಸಾತಪ್ಪನ ತಂಗಿ ಭರಮವ್ವ ತನ್ನ ಅರವತ್ತು ಕುರಿಗಳನ್ನು ಲಾರಿ ಓಡುವ ಡಾಂಬರು ರಸ್ತೆಯ ಮೇಲೆ ಸುತ್ತು ಹಾಕಿ ಹೊಡೆದೊಯ್ಯಬೇಕಾಯಿತು. ಎರಡು ಮರಿ ಗಾಲಿಗೆ ಸಿಕ್ಕವು. ಕುರಿಗಾರರೆಲ್ಲ ಸೇರಿ ಖಾನಾಪುರದ ತಾಲೂಕು ಕಚೇರಿಗೆ ಹೋಗಿ, ಜಾಗ ಅಳೆದುಕೊಡಿ ಎಂದು ಅರ್ಜಿ ಕೊಟ್ಟು ಬಂದಿದ್ದರು. ಸಾತಪ್ಪ ಅರ್ಜಿಗೆ ಹೆಬ್ಬೆಟ್ಟು ಒತ್ತಿರಲಿಲ್ಲ. ಅವನ ಗಂಜಿ ಗೋಡೆಯ ಒಳಗಿತ್ತು.

ಆಕಾಶ ಬೈಕಿನ ಮೇಲೆ ಬಂದ. ಮೂವತ್ತು ದಾಟಿದ, ಮಾತಿಗೊಮ್ಮೆ ಫೋನು ನೋಡುವ ಮನುಷ್ಯ. ಇಳಿಹೊತ್ತಿನವರೆಗೆ ಕೊರೆದು, ತಂತಿ ಎಳೆದು, ಕೊನೆಗೆ ಸಾತಪ್ಪನನ್ನು ಕರೆದ.

"ಕಾಕಾ, ಒಂದ್ ಸುತ್ತ ಗಡಿ ಮ್ಯಾಲ ನಡೀರಿ. ನೀವು ನಡದಲ್ಲಿ ನಾ ಫೋನಿನ್ಯಾಗ ಕೆಂಪು ಗೆರಿ ಕೊರೀತೀನಿ. ಆಮ್ಯಾಲ ಗೇಟ್ ಬಿಟ್ಟು ಹೊರಗಿಂದ ಯಾರ ಆ ಗೆರಿ ದಾಟಿದ್ರೂ ಭೋಂಗಾ ಹೊಡ್ಕೋತೈತಿ."

"ಒಳಗಿಂದ ಹೊರಗ ಹ್ವಾದ್ರ?"

"ಹೋದ್ರ ಏನಿಲ್ಲ. ಬಂದವ್ರಷ್ಟ ಕಳ್ಳರು."

"ಗಡಿ ಮ್ಯಾಲ ಅಂದ್ರ, ಸಾವ್ಕಾರ್ರ ಜಾಗಾ ಎಲ್ಲಿಂದ ಸುರು ಆಗ್ತೈತಿ, ಅಲ್ಲಿ?"

"ಮತ್ತೆಲ್ಲಿ ರೀ?" ಅಂದ ಆಕಾಶ, ಫೋನಿನಿಂದ ಕಣ್ಣೆತ್ತದೆ. "ನಡೀರಿ, ನಡೀರಿ. ನಂಗ ನಂದಗಡಕ್ಕ ಇನ್ನೊಂದ್ ಕೆಲಸ ಐತಿ."

ಸಾತಪ್ಪ ಕಾಲಿನ ಚಪ್ಪಲಿ ಕಳಚಿಟ್ಟ.

ಅವನ ಮನೆತನದಲ್ಲಿ ಗಡಿ ನಡೆಯುವುದು ಆಟದ ಮಾತಲ್ಲ. ಆ ಸೀಮೆಯಲ್ಲಿ ಇಬ್ಬರು ರೈತರು ಬದುವಿಗಾಗಿ ಕೊಡಲಿ ಎತ್ತಿದಾಗ, ಊರು ಕುರುಬರ ಹಿರಿಯನೊಬ್ಬನನ್ನು ಕರೆಯುತ್ತಿತ್ತು. ಅಂಗೈಯಲ್ಲಿ ಬೀರಪ್ಪ ದೇವರ ಭಂಡಾರ, ಅಂದರೆ ಅರಿಶಿಣ, ಹಿಡಿದು ಅವನು ಬರಿಗಾಲಲ್ಲಿ ನಡೆದದ್ದೇ ಗಡಿ. ಎಲ್ಲರ ಹೊಲದಲ್ಲೂ ಹಿಂಡು ತರುಬಿ ರಾತ್ರಿ ಕಳೆದವನು, ಯಾರ ಹೊಲಕ್ಕೂ ಒಡೆಯನಲ್ಲದವನು, ಅವನ ಕಾಲಿಗೆ ಆಸೆ ಇರುವುದಿಲ್ಲ ಎಂಬುದು ಊರಿನ ನಂಬಿಕೆ. ಸಾತಪ್ಪನ ಅಪ್ಪ ಬೀರಣ್ಣ ಹಾಗೆ ಮೂರು ಸಲ ನಡೆದುಕೊಟ್ಟಿದ್ದ. ಗುಡಿಯ ಕಂಬಕ್ಕೊರಗಿ ರಾತ್ರಿಗಟ್ಟಲೆ ಡೊಳ್ಳಿನ ಪದ ಕೇಳಿ ಬೆಳೆದವನು ಸಾತಪ್ಪ, ಹಾಡಿದವನಲ್ಲ, ಕೇಳಿದವನು. ಗಡಿಯ ಮೇಲೆ ಸುಳ್ಳು ಹೆಜ್ಜೆ ಇಟ್ಟವನ ಹಟ್ಟಿ ಹಾಳಾದ ಪದ ಅವನ ಕಿವಿಯಲ್ಲಿ ಇಳಿದು ಕಾಲಿನವರೆಗೂ ಹೋಗಿತ್ತು.

ಕೈಯಲ್ಲಿ ಭಂಡಾರ ಇರಲಿಲ್ಲ ನಿಜ. ಗಡಿ ನಡೆ ಅಂದರು, ನಡೆದ. ಮೂರು ದಿಕ್ಕಿನಲ್ಲಿ ಗೋಡೆಯ ಮಗ್ಗುಲಿಗೇ ನಡೆದ. ಪಡುವಣಕ್ಕೆ ಬಂದಾಗ ಕಾಲು ತಾನಾಗಿ ಈಚೆಗೆ ಹೊರಳಿತು. ಹುಲ್ಲುಹಾಸನ್ನೂ ಜೋಕಾಲಿಯನ್ನೂ ಆಚೆಗೆ ಬಿಟ್ಟು, ಕಲ್ಲು ಕಿತ್ತ ಜಾಗದ ಮೇಲೆ ಹಾದು, ಮನೆಯ ಕಟ್ಟೆಯ ಹತ್ತಿರ ಬಂದು ನಿಂತ.

"ಕಾಕಾ, ಗ್ವಾಡಿ ಅಲ್ಲೈತಲ್ರಿ?"

"ಗ್ವಾಡಿ ಅಲ್ಲೈತಿ. ಗಡಿ ಇಲ್ಲೈತಿ."

"ನಮಗೇನ್ರಿ, ತೋರಿಸಿದಲ್ಲಿ ಹಾಕ್ತೀವಿ," ಎಂದು ಆಕಾಶ ಬೆರಳಾಡಿಸಿದ.

ರಸ್ತೆಯಲ್ಲಿ ಹಿಂಡು ನಿಲ್ಲಿಸಿಕೊಂಡಿದ್ದ ಭರಮವ್ವ ಗೇಟಿನ ಸಂದಿಯಿಂದ ಅಣ್ಣನ ಬರಿಗಾಲು ನೋಡಿದಳು. ನೋಡಿ, ಸೆರಗು ತಲೆಯ ಮೇಲೆ ಎಳೆದುಕೊಂಡು ಕೈ ಮುಗಿದಳು.

ರವಿವಾರ ಗುರುಪುತ್ರಪ್ಪ ಬೀಗರನ್ನು ಕರೆತಂದ, ಕ್ಯಾಮೆರಾ ತೋರಿಸಲಿಕ್ಕೆ. ಹುಲ್ಲುಹಾಸಿನ ಮೇಲೆ ಜಮಖಾನೆ ಹಾಸಿ ಹೋಳಿಗೆ ಊಟವಾಯಿತು. "ನಮ್ಮ ಅಪ್ಪಣಿ ಇಲ್ದ ಒಂದ್ ಇಲಿ ಸೈತ ಒಳಗ ಬರೂದಿಲ್ಲ ನೋಡ್ರಿ," ಎಂದು ಸಾವಕಾರ ಜೋಕಾಲಿಯಲ್ಲಿ ತೂಗುತ್ತ ಹೇಳಿದ. ಹೆಂಡತಿ ಪ್ರಮಿಳಾ ಇನ್ನಷ್ಟು ತುಪ್ಪ ತರಲೆಂದು ಎದ್ದು ಮನೆಯ ಕಡೆ ನಡೆದಳು.

ಭೋಂಗಾ ಹೊಡೆದುಕೊಂಡಿತು. ಜೊತೆಗೆ ಬೆಂಗಳೂರಿನ ಬಾಯಿಯ ಹೆಣ್ಣುದನಿಯೊಂದು ನಯವಾಗಿ ಹೇಳಿತು: "ಎಚ್ಚರಿಕೆ. ನೀವು ಬೇರೆಯವರ ಜಾಗಕ್ಕೆ ಅಕ್ರಮವಾಗಿ ಬರುತ್ತಿದ್ದೀರಿ. ದಯವಿಟ್ಟು ಹೊರಗೆ ಹೋಗಿ."

ಪ್ರಮಿಳಾ ಬೆದರಿ ಮುಗ್ಗರಿಸಿ ಬಿದ್ದಳು, ಕೈಯಲ್ಲಿದ್ದ ಖಾಲಿ ತುಪ್ಪದ ಗಿಂಡಿ ಉರುಳಿತು. ಅವಳನ್ನು ಎಬ್ಬಿಸಲು ಬೀಗ ಬಾಳಾಸಾಹೇಬ ಓಡಿದ. ಮತ್ತೆ ಭೋಂಗಾ, ಮತ್ತೆ ದಯವಿಟ್ಟು ಹೊರಗೆ ಹೋಗಿ. ಗುರುಪುತ್ರಪ್ಪ ಜೋಕಾಲಿಯಿಂದ ಜಿಗಿದು ಬಂದು ಕ್ಯಾಮೆರಾದ ಎದುರು ಎದೆ ಬಡಿದುಕೊಂಡ.

"ನಾನಲೇ! ನಾನು! ಮಾಲಕಾ!"

ಯಂತ್ರ ಅವನಿಗೂ ಅದನ್ನೇ ಹೇಳಿತು, ಅಷ್ಟೇ ನಯವಾಗಿ. ಅವನ ಜೇಬಿನ ಫೋನು ಗುಂಯ್ ಎಂದಿತು. ತೆಗೆದು ನೋಡಿದರೆ ಅವನದೇ ಫೋಟೋ, ಸುತ್ತ ಕೆಂಪು ಚೌಕ, ಕೆಳಗೆ 'ಅತಿಕ್ರಮಿಸಿದ ವ್ಯಕ್ತಿ'. ಬೀಗಿತ್ತಿಯರು ಬಾಯಿಗೆ ಸೆರಗು ಒತ್ತಿಕೊಂಡರು. ಎಲ್ಲರೂ ಹುಲ್ಲಿನ ಮೇಲೇ ಉಳಿದರು. ಹೊರಗೆ ಹೋಗಲು ಅಡ್ಡಿಯಿರಲಿಲ್ಲ, ಮನೆಗೆ ಮರಳುವಂತಿರಲಿಲ್ಲ.

ರಸ್ತೆಯಿಂದ ಭರಮವ್ವನ ದನಿ ಗೋಡೆ ಹಾರಿ ಬಂತು. "ಏ ಅಣ್ಣಾ, ಸಿಕ್ಕನೇನೋ ಕಳ್ಳಾ? ಒಬ್ಬನೋ, ಮನಿ ಮಂದೆಲ್ಲಾನೋ?"

ಗುರುಪುತ್ರಪ್ಪ ಆಕಾಶನಿಗೆ ಫೋನು ಹಚ್ಚಿ ಅವನ ತಾಯಿ ತಂದೆಯರನ್ನೆಲ್ಲ ನೆನೆದ. ಸ್ಪೀಕರಿನಲ್ಲಿ ಎಲ್ಲರಿಗೂ ಕೇಳುವಂತೆ ಆಕಾಶ ಹೇಳಿದ, "ನನ್ನ ತಪ್ಪಿಲ್ರಿ ಸಾಹೇಬ್ರ. ಕಾಕಾ ಚಪ್ಪಲಿ ಬಿಟ್ಟು ಗಡಿ ನಡದ್ರು. ಅವ್ರು ನಡದಂಗ ಹಾಕೇನಿ. ಬದಲಿ ಮಾಡೂನಂತ, ಎರಡ ನಿಮಿಷದ ಕೆಲಸ."

ಚಪ್ಪಲಿ ಹಾರಿ ಬಂದು ಸಾತಪ್ಪನ ಎದೆಗೆ ಬಡಿಯಿತು.

"ಯಾರಪ್ಪಂದಲೇ ಗಡಿ? ಭಾಡ್ಯಾ! ನನ್ನ ಅನ್ನ ತಿಂದು ನಂಗ ಕಳ್ಳನ್ನ ಮಾಡ್ತಿ?"

"ನಡಿ ಅಂದ್ರು, ನಡದ್ನಿರಿ," ಅಂದ ಸಾತಪ್ಪ. ಅವನಿಗೆ ಗೊತ್ತಿದ್ದದ್ದು ಅಷ್ಟೇ.

ಎರಡು ನಿಮಿಷದಲ್ಲಿ ಫೋನಿನ ಗೆರೆ ಗೋಡೆಗೆ ಸರಿಯಿತು. ಆದರೆ ಹೊತ್ತು ಮುಳುಗುವಷ್ಟರಲ್ಲಿ ಹಿಟ್ಟಿನ ಗಿರಣಿಯಲ್ಲಿ, ಬಸ್ಸಿನ ಕಟ್ಟೆಯಲ್ಲಿ ಒಂದೇ ಮಾತು: ಬೀರಣ್ಣನ ಮಗ ನಡದಾನಂತ. ಅದನ್ನು ಸರಿಸುವ ಗುಂಡಿ ಯಾವ ಫೋನಿನಲ್ಲೂ ಇರಲಿಲ್ಲ. ಕುರಿಗಾರರ ಅರ್ಜಿಯ ಮೇಲೆ ಶುಕ್ರವಾರ ಸರ್ವೇಯರ್ ಬರುವವನಿದ್ದ.

ಬುಧವಾರ ಸಾತಪ್ಪನಿಗೆ ಹಿಂದವಾಡಿಯಿಂದ ಕರೆ ಬಂತು. ಬಸ್ಸು ಹಿಡಿದು ಹೋದ. ಗೇಟಿನ ಗಂಟೆಯಲ್ಲೂ ಒಂದು ಕಣ್ಣು.

"ರುಮಾಲ ತಗಿ. ಮಾರಿ ಕಾಣವಲ್ದು."

ರುಮಾಲು ತೆಗೆದ. ಬೋಳು ತಲೆಯಲ್ಲಿ ಬಿಸಿಲಿಗೆ ನಿಂತ. ಬಹಳ ಹೊತ್ತಿನ ಮೇಲೆ ಗೇಟು ತಾನೇ ತೆರೆದುಕೊಂಡಿತು. ಜಗಲಿಯಲ್ಲಿ ಚಪ್ಪಲಿ ಬಿಡುವ ಜಾಗ ತೋರಿಸಿ ಅಲ್ಲಿ ಕುಂದರು ಅಂದರು, ಕಾಗದದ ಕಪ್ಪಿನಲ್ಲಿ ಚಹಾ ಇಟ್ಟರು. ಪೂಜೆ ಮುಗಿಸಿ, ಹಣೆ ತುಂಬ ಮೂರು ಬೆರಳು ವಿಭೂತಿ ಬಳಿದುಕೊಂಡು ಗುರುಪುತ್ರಪ್ಪ ಬಂದ. ಮಾತಿನಲ್ಲಿ ಬೆಲ್ಲವಿತ್ತು.

"ಸಾತ್ಯಾ, ಆದದ್ದಾತು. ನಾ ಮರತೇನಿ. ಶುಕ್ರಾರ ಪಂಚರು, ಸರ್ವೇಯರ್ ಬರ್ತಾರ. ಗಡಿ ಕಲ್ಲಿಲ್ಲ. ಹಳೀ ಗುರ್ತು ಬಲ್ಲಾವ್ರು ತೋರಸ್ರಿ ಅಂತಾರ. ನೀ ಭಂಡಾರ ಹಿಡಿ, ಗ್ವಾಡಿ ಮಗ್ಗಲಾ ನಡಿ. ಮೊನ್ನಿ ಕಣ್ಣ ಮಂಜಾಗಿತ್ತು, ತಪ್ಪಿ ನಡದ್ನಿ ಅನ್ನು. ಮುಗೀತಲ್ಲ?"

"ಭಂಡಾರ ಹಿಡದು, ಸಾವ್ಕಾರ್ರ?"

"ಹೂಂ ಮತ್ತ. ನಿಮ್ಮ ಮಂದಿ ಅದಕ್ಕಷ್ಟ ಹೂಂ ಅಂತಾವು. ಅರಿಶಿಣ ಪುಡಿ ಅಲ್ಲೇನಲೇ ಅದು? ಕೈ ತೊಳಕೊಂಡ್ರ ಹೋಗ್ತೈತಿ."

ಸಾತಪ್ಪ ಚಹಾ ಮುಟ್ಟಲಿಲ್ಲ. ಗುರುಪುತ್ರಪ್ಪ ಫೋನು ತೆಗೆದು ಅವನ ಮೂಗಿಗೆ ಹಿಡಿದ. ಅದರಲ್ಲಿ ಸಾತಪ್ಪ ತೋಟದ ಬಾವಿಯಿಂದ ಕೊಡ ಸೇದಿ, ಗೇಟಿನ ಹೊರಗೆ ನಿಂತ ಭರಮವ್ವನ ಗಬ್ಬದ ಕುರಿಗೆ ನೀರು ಕುಡಿಸುತ್ತಿದ್ದ. ಬೆರಳು ಸರಿಸಿದ, ಮತ್ತೊಂದು ದಿನ, ಮತ್ತೊಂದು ಕೊಡ.

"ನನ್ನ ನೀರು, ನನ್ನ ಕೊಡ. ಇದಕ್ಕ ಏನಂತಾರ ಗೊತ್ತೈತೇನು? ಸ್ಟೇಶನ್ನಿಗೆ ಕೊಟ್ರ ನೀನೂ ಒಳಗ, ನಿನ್ನ ತಂಗೀನೂ ಒಳಗ. ಗುಡಿಸಲಾ ಅಂತೂ ಆವತ್ತ ಸಂಜೀಕೇ ಕೀಳಸ್ತೀನಿ. ನಡದಿ ಅಂದ್ರ ಪಕ್ಕಾ ಖೋಲಿ ಕಟ್ಟಸಿ ಕೊಡ್ತೀನಿ. ಸಾಯೂತನಾ ಇರು."

"ನೀರು ಬೇಡಿ ಒದರಿತ್ರಿ ಕುರಿ."

"ಹೋಗು. ವಿಚಾರ ಮಾಡು."

ಎರಡು ರಾತ್ರಿ ಸಾತಪ್ಪ ವಿಚಾರ ಮಾಡಿದ. ಪೊಲೀಸರ ಲಾಠಿ ನೆನೆದಾಗ ಎದ್ದು ಕೂರುತ್ತಿದ್ದ. ತಗಡಿನ ಗುಡಿಸಲಿನ ಹೊರಗೆ ಅವನಿಗೆ ಒಂದು ಗೇಣು ಜಾಗವಿಲ್ಲ. ಗುರುವಾರ ಗೇಟಿನಲ್ಲಿ ಭರಮವ್ವನಿಗೆ ಎಲ್ಲ ಹೇಳಿದ. ಅವಳು ಅಳಲಿಲ್ಲ.

"ನನ್ನ ಸಲವಾಗಿ ನಡೀಬ್ಯಾಡಣ್ಣಾ, ನನ್ನ ಸಲವಾಗಿ ನಿಲ್ಲಬ್ಯಾಡ. ಜೇಲಿನ್ಯಾಗ ನಾ ಇರ್ತೀನಿ, ಕುರೀನ ದೇವಿ ಮಾಯವ್ವ ಕಾಯ್ತಾಳ. ನಿನ್ನ ಕಾಲಿಗೆ ಏನ್ ಗೊತ್ತೈತಿ ನೀನ ಕೇಳು." ಹೊರಟವಳು ತಿರುಗಿ, "ಗಬ್ಬದ ಕುರಿ ಈದೇತಿ. ಎರಡು ಮರಿ ಹಾಕೇತಿ," ಅಂದಳು.

ಶುಕ್ರವಾರ ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿದ್ದರು. ಐವರು ಪಂಚರು, ನಕ್ಷೆ ಬಿಚ್ಚಿ ಕೂತ ಸರ್ವೇಯರ್, ಗೋಡೆಯ ಬುಡದಲ್ಲಿ ಕುರಿಗಾರರು. ರಸ್ತೆಯಲ್ಲಿ ತರುಬಿದ ಕುರಿಗಳ ಒದರಾಟ. ಕ್ಯಾಮೆರಾಗಳು ಅಂದು ಸುಮ್ಮನಿದ್ದವು. ಸಾವಕಾರ ತಾನೇ ಖುದ್ದಾಗಿ ಬಂದಿದ್ದ. ಹಿತ್ತಾಳೆಯ ತಾಟಿನಲ್ಲಿ ಭಂಡಾರ, ಒಂದು ತೆಂಗಿನಕಾಯಿ, ಎಲೆ ಅಡಿಕೆ. ತಾಟನ್ನು ಗುರುಪುತ್ರಪ್ಪನೇ ಎರಡೂ ಕೈಯಲ್ಲಿ ಹಿಡಿದು ತಂದ.

"ಬಾರಪ್ಪಾ ಸಾತಪ್ಪಾ," ಅಂದ, ಊರೆಲ್ಲ ಕೇಳುವಂತೆ. "ದೇವರು ಬಲ್ಲ ಮನಷ್ಯಾ ನೀನು. ಎತ್ತು."

ಸಾತಪ್ಪ ಚಪ್ಪಲಿ ಕಳಚಿ ಮುಂದೆ ಬಂದ. ತಾಟಿನ ಮುಂದೆ ನಿಂತ. ಹಳದಿ ಪುಡಿಯನ್ನು ನೋಡಿದ. ಕೈ ಕೆಳಗೇ ಇತ್ತು.

"ಏನಜ್ಜಾ?" ಅಂದ ಸರ್ವೇಯರ್, ಪೆನ್ನು ಎತ್ತಿಕೊಂಡು. "ಎಲ್ಲಿ ಹಳೇ ಗಡಿ, ತೋರಸ್ರಿ."

ಕುರಿಗಾರರಲ್ಲಿ ಯಾರೋ ಕೆಮ್ಮಿದರು. ಗುರುಪುತ್ರಪ್ಪನ ಹಣೆಯ ವಿಭೂತಿ ಬೆವರಿಗೆ ಕರಗಿ ಹುಬ್ಬಿಗೆ ಇಳಿಯಿತು. ತಾಟು ಹಿಡಿದುಕೊಂಡೇ ಅವನು ಬಗ್ಗಿ ಸಾತಪ್ಪನ ಕಿವಿಗೆ ಬಾಯಿ ಹಚ್ಚಿದ. ದನಿಯಲ್ಲಿ ಬೈಗುಳವಿರಲಿಲ್ಲ.

"ನಡೀಬ್ಯಾಡ ಬಿಡು. ಎತ್ತೂದೂ ಬ್ಯಾಡ. ಹೊಟ್ಟಿ ನೋವು ಅಂತ ಹೇಳಿ ಆ ಮೂಲ್ಯಾಗ ಕುಂದರು. ಮುಂದಿಂದ ನಾ ನೋಡ್ಕೋತೀನಿ. ಇಷ್ಟು ದಿನ ಸುಮ್ಮ ಇದ್ದಿ, ಇನ್ನೊಂದ್ ತಾಸು ಸುಮ್ಮಿರು. ನಿನ್ನ ಕಾಲ ಹಿಡೀತೀನಿ ತಮ್ಮಾ, ಇಷ್ಟ ಮಾಡು."

ಸಾತಪ್ಪ ಕಿವಿ ಹಿಂದೆಗೆದುಕೊಂಡ. ಪಂಚರಿಗೆ, ಸರ್ವೇಯರಿಗೆ, ರಸ್ತೆಯಲ್ಲಿ ನಿಂತ ಭರಮವ್ವನಿಗೆ ಕೇಳುವಂತೆ ಹೇಳಿದ.

"ಇಲ್ರೀ ಸಾವ್ಕಾರ್ರ. ಸುಮ್ಮಿರೂದಿಲ್ಲ."