ನಮ್ಮ ಗಡ್ಡೆಯ ಸೊಪ್ಪು

"ಲೇ ಹುಲಗ್ಯಾ, ಸೂಳಿಮಗನ, ಸಾವ್ಕಾರ್ರ ಗಡ್ಡಿ ಇನ್ನಾ ಅರ್ಧ ಭೂಮ್ಯಾಗ ಅದಾವ, ನಿನ್ನವು ಹೆಂಗಲೇ ಮ್ಯಾಲ ಬಂದ್ವು?"

ಸಾಹುಕಾರರ ಮೇಸ್ತ್ರಿ ಅಂಬರೀಶ ನಮ್ಮ ಬದುವಿನ ಮೇಲೆ ನಿಂತು ಒದರುತ್ತಿದ್ದ. ಅವರ ಆಲೂಗಡ್ಡೆ ಕಿತ್ತು ಮುಗಿಯುವ ತನಕ ನಮ್ಮ ಕೇರಿಯವರು ಸ್ವಂತ ಹೊಲಕ್ಕೆ ಗುದ್ದಲಿ ಹಾಕಬಾರದು. ಅಪ್ಪನ ಕಾಲದ ಕಟ್ಟಳೆ, ಹಾಳಾದ್ದು. ಸಂಜೆ ರಾಯಚೂರಿಗೆ ಹೊರಡುವ ಅವರ ಲಾರಿಯಲ್ಲಿ ನಮ್ಮವೂ ನಾಲ್ಕು ಚೀಲ ಹೋಗಲಿ ಎಂಬ ಆಸೆಗೆ ನಾನೂ ನನ್ನ ಹೆಂಡತಿ ಗದ್ದೆಮ್ಮನೂ ನಸುಕಿನಲ್ಲೇ ನಮ್ಮ ತುಂಡು ಹೊಲ ಕಿತ್ತಿದ್ದೆವು. ಕಿತ್ತ ಗಡ್ಡೆಗೆ ಅದರ ಗಿಡದ ಸೊಪ್ಪನ್ನೇ ಮುಚ್ಚುವುದೊಂದೇ ಬಾಕಿ.

"ಬಿಸಲು ಬಡದ್ರ ಕೊಳೀತಾವ್ರಿ ಯಪ್ಪಾ. ಮುಚ್ಚಿ ಸಾವ್ಕಾರ್ರ ಹೊಲಕ್ಕ ಬಂದುಬಿಡ್ತೀವಿ" ಎಂದೆ.

"ನಿನ್ನ ಹೊಲಕ್ಕ ನೀರು ಯಾರ ಕಾಲಿವ್ಯಾಗ ಬರ್ತದಲೇ?"

ನೀರು ಬರುವುದು ಸಾಹುಕಾರರ ಕಾಲುವೆಯಿಂದ. ಸಾಹುಕಾರರ ರಾಶಿಗೆ ಸೊಪ್ಪು ಸಾಲದಂತೆ, ನಮ್ಮದನ್ನೂ ಹೊತ್ತು ತರಬೇಕಂತೆ. ಹೊತ್ತೆವು. ನಮ್ಮ ಗಡ್ಡೆಗಳನ್ನು ಬರಿಮೈಯಲ್ಲಿ ಬಿಸಿಲಿಗೆ ಬಿಟ್ಟು ಹೊರಟೆವು. ಥೂ, ನನ್ನ ಜನ್ಮಕ್ಕಿಷ್ಟು.

ಮಧ್ಯಾಹ್ನ ನೆತ್ತಿ ಸುಡುತ್ತಿತ್ತು. ಗದ್ದೆಮ್ಮ ಅವರ ರಾಶಿಗೆ ಸೊಪ್ಪು ಹೊದಿಸುತ್ತಿದ್ದಳು, ನಾನು ಬುಟ್ಟಿ ಹೊರುತ್ತಿದ್ದೆ. ಬದುವಿನಾಚೆ ನಮ್ಮ ಗಡ್ಡೆಗಳು ಕಣ್ಣಿಗೆ ಕಾಣುತ್ತಲೇ ಇದ್ದವು. ಬೇವಿನ ನೆರಳಿನಲ್ಲಿ ಕುಳಿತಿದ್ದ ಸಾಹುಕಾರರು ಅಲ್ಲಿಂದಲೇ ಹೇಳಿದರು: "ನೆಟ್ಟಗ ಮುಚ್ಚಬೇ. ಒಂದು ಗಡ್ಡಿಗೂ ಬಿಸಲು ತಾಗಬಾರ್ದು."

ಗದ್ದೆಮ್ಮನ ಕೈ ನಿಂತಿತು. ಹೊದಿಸಿದ ಸೊಪ್ಪನ್ನೇ ತೋಳ್ತುಂಬ ಬಾಚಿಕೊಂಡು ಬದುವಿನ ಕಡೆ ನಡೆದಳು.

"ಎಲ್ಲಿಗಿ ಒಯ್ಯಾಕತ್ತೀಬೇ ಬೋಸುಡಿ?" ಅಂಬರೀಶ ಅಡ್ಡ ಬಂದ.

"ನನ್ನ ಹೊಲದ ಸೊಪ್ಪಿದು. ಅತ್ತಾಗ ಸರಿ" ಎಂದಳು. ಅವನು ಸರಿದ.

ನಾನೂ ಹೋಗಬೇಕಿತ್ತು. ಬುಟ್ಟಿ ಇಳಿಸಲು ಧೈರ್ಯವಾಗಲಿಲ್ಲ. ಅವಳು ಕುಕ್ಕರಗಾಲಲ್ಲಿ ಕುಳಿತು ಒಂದು ಗಡ್ಡೆ ಹಿಸುಕಿ ನೋಡಿದಳು. ಹೆಬ್ಬೆರಳು ಒಳಗೆ ಇಳಿಯಿತು. ಆದರೂ ಅದನ್ನು ಸಾಲಿನಲ್ಲೇ ಇಟ್ಟು ಸೊಪ್ಪು ಹಾಸಿದಳು.

ಸಾಹುಕಾರರು ಎದ್ದು ನಿಲ್ಲಲೂ ಇಲ್ಲ. ಮೆಲ್ಲಗೆ ಅಂಬರೀಶನಿಗೆ ಏನೋ ಹೇಳಿದರು. ಅವನು ಬಂದು ನನ್ನ ತಲೆಯ ಬುಟ್ಟಿ ಇಳಿಸಿ, ಕೈಗೆ ಗುದ್ದಲಿ ಕೊಟ್ಟ.

"ನಿನ್ನ ಹೊಲದ ಕಾಲಿವಿ ಬಾಯಿ ಮುಚ್ಚಿ ಬಾ. ನೀನ ಮುಚ್ಚಬೇಕು."

ಗುದ್ದಲಿ ಹಿಡಿದು ನಡೆದೆ. ತೂಬಿನ ಬಾಯಿಗೆ ಮಣ್ಣು ಎಳೆದೆ, ಮೇಲೆ ಕಲ್ಲಿಟ್ಟೆ, ಕಾಲಿನಿಂದ ತುಳಿದು ಗಟ್ಟಿ ಮಾಡಿದೆ. ಕೆಳಗಿನ ಹೊಲದಲ್ಲಿ ಗದ್ದೆಮ್ಮ ಒಂದು ಗಳಿಗೆ ತಲೆಯೆತ್ತಿ ನನ್ನನ್ನು ನೋಡಿದಳು. ಆಮೇಲೆ ಮುಂದಿನ ಸಾಲಿಗೆ ಸೊಪ್ಪು ಹೊದಿಸತೊಡಗಿದಳು.