ಹಗೇವಿನ ಬಾಯಿ

“ಕಂದೀಲು ಆರಿದ್ರ ನಿಮ್ಮಪ್ಪನ ಗಂಟೇನ ಹೋತು, ಸೂಳೆ ಮಗನ? ಇಳಿ.”

ಗೌಡ ಶಂಭುಲಿಂಗಪ್ಪ ಬೆತ್ತದ ತುದಿಯಿಂದ ಭರಮಪ್ಪನ ಬೆನ್ನಿಗೆ ತಿವಿದ. ವಾಡೆಯ ಅಂಗಳದಲ್ಲಿ ಹಗೇವಿನ ಬಾಯಿ ಆಗಷ್ಟೇ ತೆರೆದಿತ್ತು. ಎರಡಾಳು ಆಳದ ಆ ನೆಲಗುಣಿಯಲ್ಲಿ ಎಪ್ಪತ್ತೆರಡರ ಬರಕ್ಕೂ ಮುಂಚಿನ ಸುಗ್ಗಿಯ ಜೋಳವಿತ್ತು. ಊರಿಗೆ ಊರೇ ಕಾಡುಸೊಪ್ಪು ಬೇಯಿಸಿ ತಿಂದರೂ ಗೌಡ ಅದರ ಮೇಲಿನ ಮಣ್ಣು ಸರಿಸಿರಲಿಲ್ಲ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ಕೂತಿರುತ್ತದೆ. ಬಾಯಿ ತೆರೆದು ಒಂದು ರಾತ್ರಿ ಬಿಟ್ಟೇ ಇಳಿಯಬೇಕೆಂಬುದು ಆ ಕರಿಮಣ್ಣಿನ ಸೀಮೆಯಲ್ಲಿ ಮಕ್ಕಳಿಗೂ ಗೊತ್ತು. ಇಳಿಬಿಟ್ಟ ಕಂದೀಲು ಅರ್ಧಕ್ಕೇ ಆರಿತ್ತು. ಆದರೆ ಸರಕಾರದ ಪಾಲಿನ ಲೆವಿ ಜೋಳ ವಸೂಲಿಗೆ ಸಾಹೇಬರು ಹೊರಟಿದ್ದಾರೆಂದು ಸುದ್ದಿ ಬಂದಿತ್ತು. ಅವರು ಮುಟ್ಟುವುದರೊಳಗೆ ಜೋಳ ಹುಬ್ಬಳ್ಳಿಯ ಹಾದಿ ಹಿಡಿಯಬೇಕಿತ್ತು.

ಭರಮಪ್ಪ ಸೊಂಟಕ್ಕೆ ಹಗ್ಗ ಬಿಗಿದುಕೊಂಡು ತಮ್ಮನ ಮುಖ ನೋಡಿದ. “ಗಟ್ಟಿ ಹಿಡಿಯಲೇ ಮೈಲಾರಿ,” ಎಂದು ಇಳಿದ.

ಕಾಲು ಜೋಳಕ್ಕೆ ತಾಗಿದ್ದೇ ತಡ, ಹಗ್ಗ ಬಿಚ್ಚಿ ಬುಟ್ಟಿಗೆ ಕಟ್ಟೆಂದು ಗೌಡ ಮೇಲಿನಿಂದ ಕೂಗಿದ. ಬುಟ್ಟಿಗೆ ಬೇರೆ ಹಗ್ಗ ತರುತ್ತೇನೆ, ಅಣ್ಣನದು ಅಣ್ಣನ ಸೊಂಟದಲ್ಲೇ ಇರಲೆಂದು ಮೈಲಾರಪ್ಪ ಕೈಮುಗಿದ. ಅದಕ್ಕೂ ಬೈಗುಳವೇ ಬಂತು. ಒಂದು ಬುಟ್ಟಿ ತುಂಬಿ ಮೇಲೆ ಬಂದಿತು. ಮತ್ತೆ ಬಿಟ್ಟ ಬುಟ್ಟಿ ಎಷ್ಟು ಹೊತ್ತಾದರೂ ಅಲುಗಲಿಲ್ಲ. ಜಗ್ಗಿದರೆ ಬರಿದೇ ಗೋಡೆಗೆ ಬಡಿಯುತ್ತ ಬಂತು.

ಮೈಲಾರಪ್ಪ ಬೋರಲು ಮಲಗಿ ಒಳಗೆ ತಲೆ ಇಳಿಬಿಟ್ಟು ಅಣ್ಣನನ್ನು ಕೂಗಿದ. ಕೆಳಗಿನಿಂದ ಗೊರಕೆಯಂಥ ಸದ್ದು ಬರುತ್ತಿತ್ತು. ಕಂಬಳಿ ಬೀಸಿ ಗಾಳಿಯಾಡಿಸಿದರೆ ಉಳಿಯುತ್ತಾನೆಂದು ಅವನು ಕಂಬಳಿಗೆ ಕೈ ಹಾಕುವಷ್ಟರಲ್ಲಿ ಊರ ಅಗಸಿ ಬಾಗಿಲಿನ ಆಚೆ ಜೀಪಿನ ಧೂಳು ಎದ್ದಿತು.

“ಮುಚ್ಚರ್ಲೇ,” ಎಂದ ಗೌಡ.

“ಯಪ್ಪಾ, ಇನ್ನಾ ಉಸಿರೈತ್ರಿ. ಕೇಳ್ರಿ, ಉಸಿರಾಡಾಕತ್ತಾನ.”

“ಸಾಹೇಬ್ರು ಚಾ ಕುಡದು ಹೋಗೂತನಾ ಸಾಯಂಗಿಲ್ಲ ಅಂವ. ನಿಮ್ಮ ಜಾತಿ ಹುಗದ್ರೂ ಚಿಗೀತೈತಿ.”

ಇಬ್ಬರು ಆಳುಗಳು ಮೈಲಾರಪ್ಪನನ್ನು ಬಡಿಗೆಯಿಂದಲೇ ನೂಕಿ ಕೆಡವಿ, ಕತ್ತಿನ ಮೇಲೆ ಅದನ್ನು ಅಡ್ಡ ಇಟ್ಟು, ಎರಡೂ ತುದಿ ಮೆಟ್ಟಿ ನಿಂತರು. ಉಳಿದವರು ಬಾಯಿಗೆ ಚಪ್ಪಡಿ ಎಳೆದು, ಮಣ್ಣು ಸುರಿದು ತುಳಿದು, ಕಣಿಕೆ ಹರವಿ ಎಮ್ಮೆ ತಂದು ಕಟ್ಟಿದರು. ತುಟಿ ಬಿಚ್ಚಿದರೆ ಕೇರಿಗೆ ಕೆರೆಯ ನೀರು ಬಂದ್, ಗುಡಿಸಲಿಗೆ ಬೆಂಕಿ ಎಂದು ಹೇಳಿ ಗೌಡ ಶಲ್ಯ ಸರಿಮಾಡಿಕೊಂಡು ಜೀಪಿನ ಎದುರಿಗೆ ಹೋದ. ನೆಲಕ್ಕೊತ್ತಿದ ಮೈಲಾರಪ್ಪನ ಕಿವಿಗೆ ಒಳಗಿನದೇನೂ ಕೇಳಲಿಲ್ಲ. ಎಮ್ಮೆ ಕಣಿಕೆ ಅಗಿಯುವುದಷ್ಟೇ ಕೇಳುತ್ತಿತ್ತು.

ಲೆವಿ ಸಾಹೇಬರು ಬಾಳಕೃಷ್ಣರಾಯರು ವಾಡೆಯ ಕಟ್ಟೆಯ ಜಮಖಾನೆಯ ಮೇಲೆ ಕೂತು ಚಹಾ ಕುಡಿದರು. ಉಣ್ಣಲಿಕ್ಕೇ ಇಲ್ಲದಾಗ ಸರಕಾರಕ್ಕೆಲ್ಲಿಂದ ಕೊಡಲೆಂದು ಗೌಡ ಕೈ ಹೊಸೆಯುತ್ತಿದ್ದ. ಅಷ್ಟರಲ್ಲಿ ಭರಮಪ್ಪನ ಹೆಂಡತಿ ಸಾವಂತ್ರೆವ್ವ ಗಂಡನಿಗೆ ರೊಟ್ಟಿ ಕಟ್ಟಿಕೊಂಡು ಬಂದಳು. ಆಳುಗಳು ಬಡಿಗೆ ತೆಗೆದ ಮೇಲೆ ಗೋಡೆಗಾತು ಕೂತಿದ್ದ ಮೈದುನನ ಕತ್ತಿನ ಬಾಸುಂಡೆ ನೋಡಿ, ನಿಮ್ಮಣ್ಣ ಎಲ್ಲಿ ಎಂದು ಕೇಳಿದಳು. ಅವನು ಎಮ್ಮೆಯ ಕಾಲ ಬುಡಕ್ಕೆ ನೋಡಿದ. ಅಲ್ಲಿ ಹಗೇವು ಇದೆಯೆಂದು ಅವಳಿಗೆ ಗೊತ್ತಿತ್ತು.

ಅವಳು ಗಂಟು ಕೆಳಗಿಟ್ಟು, ಹೋಗಿ ಕಣಿಕೆ ಎಳೆದೊಗೆದು ಎರಡೂ ಕೈಯಿಂದ ಮಣ್ಣು ಬಗೆಯತೊಡಗಿದಳು. ಆಳೊಬ್ಬ ಬಡಿಗೆಯಿಂದ ಅವಳ ಬೆನ್ನಿಗೆ ಹಾಕಿದ. ಬಗೆಯುವುದನ್ನು ಅವಳು ನಿಲ್ಲಿಸಲಿಲ್ಲ. ಆಗ ಮೈಲಾರಪ್ಪ ಎದ್ದ. ಗೋಡೆಗೆ ಒರಗಿಸಿದ್ದ ಸಲಿಕೆ ತೆಗೆದುಕೊಂಡ.

“ಸಾಹೇಬ್ರ, ಇದರಾಗ ನಮ್ಮಣ್ಣ ಅದಾನ್ರಿ. ಜೀವಂತ ಮುಚ್ಚ್ಯಾರ್ರಿ.”

ಹಲ್ಕಟ್ ನನ್ಮಗ ಕುಡಿದು ಬಂದಿದ್ದಾನೆಂದು ಗೌಡ ನಕ್ಕ. ರಾಯರು ಚಹಾದ ಬಸಿಯ ಕಡೆ ನೋಡುತ್ತ, ಹಂಗೇನಾದರೂ ಇದ್ದರೆ ಪೊಲೀಸರಿಗೆ ತಿಳಿಸಬೇಕು, ತಮ್ಮದು ಕಾಳಿನ ಖಾತೆ ಎಂದರು.

“ಕಾಳೂ ಐತ್ರಿ,” ಎಂದ ಮೈಲಾರಪ್ಪ. “ಹಗೇವಿನಾಗ ಜ್ವಾಳದ ರಾಶಿ ಐತ್ರಿ. ಜ್ವಾಳದ ಮ್ಯಾಲ ನಮ್ಮಣ್ಣ ಅದಾನ್ರಿ.”

ರಾಯರು ಕಪ್ಪು ಕೆಳಗಿಟ್ಟು ಎದ್ದರು.

ಚಪ್ಪಡಿ ಸರಿಯುವ ಹೊತ್ತಿಗೆ ಕೇರಿಯ ಮಂದಿ ಬಂದು ನೆರೆದಿದ್ದರು. ಅವರೇ ಕಂಬಳಿ ಬೀಸಿ ಗಾಳಿಯಾಡಿಸಿದರು, ಅವರೇ ಹಗ್ಗ ಹಿಡಿದರು. ಮೈಲಾರಪ್ಪ ಇಳಿದ. ಭರಮಪ್ಪ ಗೋಡೆಗೆ ಮುಖ ಮಾಡಿ, ಬಾಯಿ ಜೋಳದಲ್ಲಿ ಹೂತು ಬಿದ್ದಿದ್ದ. ಮಣ್ಣು ಕೆರೆದೂ ಕೆರೆದೂ ಉಗುರು ಕಿತ್ತು ಬಂದಿದ್ದವು. ಮೈ ಇನ್ನೂ ಬೆಚ್ಚಗಿತ್ತು. ಉಸಿರಿರಲಿಲ್ಲ.

ಹೆಣ ಮೇಲೆ ತಂದಾಗ ರಾಯರು ಜೋಳಕ್ಕೆ ಸೀಲು ಹಾಕುವ ಮಾತಾಡುತ್ತಿದ್ದರು. ಆದದ್ದು ಆಯಿತು, ಕೇರಿಗೆ ಒಯ್ದು ಮಣ್ಣು ಮಾಡಿರೆಂದು ಗೌಡ ಬೆತ್ತದಿಂದ ದಾರಿ ತೋರಿಸಿದ. ಮೈಲಾರಪ್ಪ ಅಣ್ಣನನ್ನು ಹೆಗಲಿಗೆ ಹಾಕಿಕೊಂಡ. ಕೇರಿಯ ಕಡೆ ತಿರುಗಲಿಲ್ಲ. ತಮ್ಮವರ್‍ಯಾರೂ ಎಂದೂ ಕಾಲಿಡದ ಕಟ್ಟೆಯ ಮೆಟ್ಟಿಲು ಹತ್ತಿ, ಸಾಹೇಬರು ಕೂತೆದ್ದ ಜಮಖಾನೆಯ ಮೇಲೆ, ಲೋಡಿಗೆ ತಲೆಯಿಟ್ಟು ಮಲಗಿಸಿದ.

“ಇಳಸ್ರಲೇ ಅದನ್ನ. ಕಟ್ಟಿ ಹೊಲಸಾತು, ಇಳಸ್ರಿ,” ಎನ್ನುತ್ತಿದ್ದ ಗೌಡನ ದನಿ ಒಡೆಯಿತು.

ಮುಟ್ಟಿದರೆ ಮೈಲಿಗೆಯೆಂದು ಆಳುಗಳು ಬಡಿಗೆ ಹಿಡಿದುಕೊಂಡು ಕೆಳಗೇ ನಿಂತರು.

ಸಾವಂತ್ರೆವ್ವ ಮೆಟ್ಟಿಲು ಹತ್ತಿ ಬಂದು ಗಂಡನ ಬಾಜು ಕೂತಳು. ಸೆರಗಿನಿಂದ ಅವನ ಬಾಯಿ ಒರೆಸಿದರೆ ಹಲ್ಲಿನ ಸಂದಿಯಿಂದ ಜೋಳದ ಕಾಳು ಉದುರಿದವು. ಬೆರಳು ಹಾಕಿ ತೆಗೆದಷ್ಟೂ ಬಂದವು. ಎಲ್ಲವನ್ನೂ ಬೊಗಸೆಗೆ ಬಳಿದುಕೊಂಡು ಅವಳು ಎದ್ದಳು, ಗೌಡನ ಮುಖಕ್ಕೆ ಎರಚಿದಳು.